ಅನ್ಯಾಯಕ್ಕೆ ಮಾತಿನ ಉತ್ತರ: ಬುಕ್ಕರಾಯನ ಶಾಸನದಿಂದ ಇಂದಿನ ಅರ್ಜಿಯವರೆಗೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೇರಿದ ತೊರಗಲ್ ಸೀಮೆಯಲ್ಲಿ ಜೈನ ಮನೆತನಗಳು ಹಳ್ಳಿಹಳ್ಳಿಗೆ ಹಂಚಿಹೋಗಿವೆ. ಕೆಲವು ಊರುಗಳಲ್ಲಿ ಬಸದಿಯ ಸುತ್ತ ಒಂದು ಓಣಿಯೇ ನಮ್ಮವರದು, ಇನ್ನು ಕೆಲವು ಊರುಗಳಲ್ಲಿ ಬೆರಳೆಣಿಕೆಯ ಮನೆಗಳು ಮಾತ್ರ. 2011ರ ಜನಗಣತಿಯಂತೆ ಕರ್ನಾಟಕದ ಜೈನರ ಸಂಖ್ಯೆ ಸುಮಾರು 4.4 ಲಕ್ಷ. ಜಿಲ್ಲೆಗಳ ಪೈಕಿ ಅದರಲ್ಲಿ ಅತಿ ದೊಡ್ಡ ಪಾಲು ಬೆಳಗಾವಿಯದೇ. ಆದರೂ ರಾಜ್ಯದ ಒಟ್ಟು ಜನಸಂಖ್ಯೆಯಲ್ಲಿ ನಾವು ನೂರಕ್ಕೆ ಒಬ್ಬರೂ ಇಲ್ಲ.

ಇಷ್ಟು ಚಿಕ್ಕ ಸಮಾಜಕ್ಕೆ ಆಗಾಗ ಎದುರಾಗುವ ಪ್ರಶ್ನೆ ಒಂದಿದೆ. ಬಸದಿಯ ಜಮೀನಿನ ಬದು ಒತ್ತಿದರೆ, ವಿಹಾರದಲ್ಲಿರುವ ಮುನಿಗಳನ್ನು ನೋಡಿ ಯಾರಾದರೂ ನಕ್ಕು ವಿಡಿಯೋ ಮಾಡಿದರೆ, ಕ್ಷೇತ್ರದ ಬಗ್ಗೆ ಸುಳ್ಳು ಬರೆದು ಹಂಚಿದರೆ ನಾವು ಏನು ಮಾಡಬೇಕು? ಮನೆಯ ಹಿರಿಯರು "ಸುಮ್ಮನಿರ್ರಿ, ನಾವು ಅಹಿಂಸಾವಾದಿಗಳು" ಎನ್ನುತ್ತಾರೆ. ಹುಡುಗರು "ಸುಮ್ಮನಿದ್ದದ್ದಕ್ಕೇ ಹೀಗಾಯಿತು" ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ನಮ್ಮ ಆಗಮ ಮತ್ತು ನಮ್ಮ ಚರಿತ್ರೆ ಎರಡೂ ತೋರಿಸುವ ದಾರಿ ಮೂರನೆಯದು. ಕೈ ಎತ್ತದೆ, ಬಾಯಿಯನ್ನೂ ಮುಚ್ಚದೆ, ಅಳೆದ ಮಾತಿನಿಂದ ನ್ಯಾಯ ಕೇಳುವ ದಾರಿ. ಅದರ ವಿವರಣೆಯೇ ಈ ಲೇಖನ.

ಅಹಿಂಸೆ ಎಂದರೆ ಸುಮ್ಮನಿರುವುದೇ?

ಜೈನಾಚಾರ್ಯರು ಗೃಹಸ್ಥರ ಬದುಕನ್ನು ನೋಡಿ ಹಿಂಸೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಬೇಕೆಂದೇ ಮಾಡುವುದು ಸಂಕಲ್ಪೀ ಹಿಂಸೆ. ಅಡುಗೆ, ಮನೆಗೆಲಸದಲ್ಲಿ ಆಗುವುದು ಆರಂಭೀ ಹಿಂಸೆ. ಒಕ್ಕಲುತನ, ವ್ಯಾಪಾರಗಳಲ್ಲಿ ಆಗುವುದು ಉದ್ಯೋಗೀ ಹಿಂಸೆ. ತನ್ನನ್ನು, ತನ್ನವರನ್ನು ಕಾಪಾಡಿಕೊಳ್ಳುವಾಗ ಅನಿವಾರ್ಯವಾಗಿ ಆಗುವುದು ವಿರೋಧೀ ಹಿಂಸೆ. ಮುನಿಗಳು ಈ ನಾಲ್ಕನ್ನೂ ಪೂರ್ತಿ ಬಿಟ್ಟವರು. ಅಣುವ್ರತಿಯಾದ ಶ್ರಾವಕನು ಸಂಕಲ್ಪೀ ಹಿಂಸೆಯನ್ನು ಪೂರ್ತಿ ಬಿಡಬೇಕು, ಉಳಿದ ಮೂರನ್ನು ಆದಷ್ಟು ಕಡಿಮೆ ಮಾಡಬೇಕು.

ಈ ವಿಂಗಡಣೆ ಎರಡು ವಿಷಯ ಹೇಳುತ್ತದೆ. ಮೊದಲನೆಯದು, ಅನ್ಯಾಯವನ್ನು ವಿರೋಧಿಸುವುದೇ ಪಾಪ ಎಂದು ಜೈನಧರ್ಮ ಎಲ್ಲೂ ಹೇಳಿಲ್ಲ. ಸವದತ್ತಿಯ ಹಳೆಯ ಹೆಸರು ಸುಗಂಧವರ್ತಿ. ಅಲ್ಲಿಂದ ಕೂಂಡಿ ಮೂರು ಸಾವಿರ ನಾಡನ್ನು ಆಳಿದ ರಟ್ಟರು ಬಸದಿಗಳನ್ನು ಕಟ್ಟಿಸಿದರು, ದಾನಶಾಸನ ಹಾಕಿಸಿದರು. ಅವರೇ ಸೈನ್ಯವನ್ನೂ ನಡೆಸಿದರು. ರಾಜಧರ್ಮ ಹೊತ್ತ ಶ್ರಾವಕನಿಗೆ ನಾಡಿನ ರಕ್ಷಣೆ ಕರ್ತವ್ಯವಾಗಿತ್ತು. ಎರಡನೆಯದು, ಇಂದು ಆ ರಕ್ಷಣೆಯ ಹೊಣೆ ನಮ್ಮ ಕೈಯಲ್ಲಿಲ್ಲ. ಪೊಲೀಸ್ ಠಾಣೆ, ನ್ಯಾಯಾಲಯ, ಆಯೋಗ, ವಿಧಾನಸಭೆ ಎಂಬ ಬಾಗಿಲುಗಳು ತೆರೆದಿರುವಾಗ ಗುಂಪುಗೂಡಿ ಹೊಡೆಯಲು ಹೋಗುವುದು ವಿರೋಧೀ ಹಿಂಸೆಯ ಲೆಕ್ಕಕ್ಕೆ ಬರುವುದಿಲ್ಲ. ಅದು ಸಂಕಲ್ಪೀ ಹಿಂಸೆಯೇ. ಸಿಟ್ಟು ಎಷ್ಟೇ ನ್ಯಾಯವಾಗಿದ್ದರೂ ಕರ್ಮದ ಲೆಕ್ಕ ಬದಲಾಗುವುದಿಲ್ಲ.

ಹೆದರಿ ಸುಮ್ಮನಿರುವುದನ್ನು ಕ್ಷಮೆ ಎಂದು ಕರೆಯುವುದೂ ತಪ್ಪು. ದಶಲಕ್ಷಣ ಪರ್ವದ ಮೊದಲ ದಿನ ನಾವು ಆಚರಿಸುವ ಉತ್ತಮ ಕ್ಷಮೆ ಕ್ರೋಧವನ್ನು ಬಿಡಿ ಎನ್ನುತ್ತದೆ. ನ್ಯಾಯ ಕೇಳುವುದನ್ನು ಬಿಡಿ ಎನ್ನುವುದಿಲ್ಲ. ತಪ್ಪು ಮಾಡಿದವನ ಮೇಲೆ ವೈರ ಇಟ್ಟುಕೊಳ್ಳದೆಯೂ "ಇದು ತಪ್ಪು, ಇದನ್ನು ಸರಿಪಡಿಸಬೇಕು" ಎಂದು ಹೇಳಬಹುದು. ಎದುರಿಗೆ ಬಲಾಢ್ಯರಿದ್ದಾಗ ಹಾಗೆ ಹೇಳಲು ಧೈರ್ಯವೇ ಬೇಕು.

ಮಾತಿಗೂ ವ್ರತವಿದೆ

ಕೈಯಿಂದ ಹೊಡೆಯದವನು ಬಾಯಿಂದ ಹೊಡೆಯಬಹುದೇ? ಹೊಡೆಯಬಾರದು ಎಂಬುದಕ್ಕೆ ನಮ್ಮಲ್ಲಿ ಬಹಳ ಸ್ಪಷ್ಟವಾದ ನಿಯಮಗಳಿವೆ. ಐದು ಸಮಿತಿಗಳಲ್ಲಿ ಎರಡನೆಯದು ಭಾಷಾ ಸಮಿತಿ. ಹಿತವಾಗಿ, ಮಿತವಾಗಿ, ಸಂದೇಹಕ್ಕೆ ಎಡೆಯಿಲ್ಲದಂತೆ ಮಾತನಾಡುವುದು ಅದರ ಸಾರ. ಮೂರು ಗುಪ್ತಿಗಳಲ್ಲಿ ವಚನ ಗುಪ್ತಿಯೂ ಒಂದು. ಇವು ಮುನಿಗಳ ಆಚರಣೆಗೆ ಹೇಳಿದವು. ಶ್ರಾವಕರಿಗೆ ಸತ್ಯಾಣುವ್ರತವಿದೆ. ತತ್ತ್ವಾರ್ಥಸೂತ್ರದಲ್ಲಿ ಅದಕ್ಕೆ ಐದು ಅತಿಚಾರಗಳನ್ನು, ಅಂದರೆ ವ್ರತಕ್ಕೆ ತಗಲುವ ದೋಷಗಳನ್ನು ಹೇಳಿದೆ. ಇಂದಿನ ಮೊಬೈಲ್ ಕಾಲಕ್ಕೆ ಅವನ್ನು ಒಮ್ಮೆ ಹೊಂದಿಸಿ ನೋಡಿ.

ಮಿಥ್ಯೋಪದೇಶ: ಜನರನ್ನು ತಪ್ಪು ದಾರಿಗೆ ಎಳೆಯುವ ಮಾತು. "ಪೊಲೀಸರ ಹತ್ತಿರ ಹೋಗುವುದು ಬೇಡ, ನಾವೇ ನೋಡಿಕೊಳ್ಳೋಣ" ಎಂದು ಹುಡುಗರನ್ನು ಹುರಿದುಂಬಿಸುವುದು ಈ ಜಾತಿಗೇ ಸೇರಿದ್ದು.

ರಹೋಭ್ಯಾಖ್ಯಾನ: ಇನ್ನೊಬ್ಬರ ಗುಟ್ಟಿನ ನಡೆಯನ್ನು ಬಯಲಿಗೆ ಎಳೆಯುವುದು. ವಿವಾದ ಬಸದಿಯ ಗೋಡೆಯ ಬಗ್ಗೆ ಇರುವಾಗ ಎದುರಿನವರ ಮನೆಯ ಹೆಣ್ಣುಮಕ್ಕಳ ವಿಷಯ ತೆಗೆಯುವುದು ಇದಕ್ಕೆ ಉದಾಹರಣೆ.

ಕೂಟಲೇಖಕ್ರಿಯೆ: ಸುಳ್ಳು ಬರಹ, ಖೊಟ್ಟಿ ಕಾಗದ. ಬೇರೆ ಊರಿನ, ಬೇರೆ ವರ್ಷದ ವಿಡಿಯೋವನ್ನು "ನಿನ್ನೆ ನಮ್ಮಲ್ಲಿ ನಡೆದದ್ದು" ಎಂದು ಹಂಚುವುದೂ ಕೂಟಲೇಖವೇ.

ನ್ಯಾಸಾಪಹಾರ: ನಂಬಿ ಇಟ್ಟದ್ದನ್ನು ನುಂಗುವುದು. ಹೋರಾಟಕ್ಕೆಂದು ಮನೆಮನೆಯಿಂದ ಎತ್ತಿದ ಪಟ್ಟಿಯ ಹಣಕ್ಕೆ ಲೆಕ್ಕ ಕೊಡದಿದ್ದರೆ ಈ ದೋಷ ತಗಲುತ್ತದೆ.

ಸಾಕಾರಮಂತ್ರಭೇದ: ಮುಖಭಾವ, ಸನ್ನೆಗಳಿಂದ ಇನ್ನೊಬ್ಬರ ಮನಸ್ಸಿನ ಮಾತನ್ನು ಅರಿತು ಅದನ್ನು ಹೊರಗೆ ಹಬ್ಬಿಸುವುದು. ರಾಜಿ ಸಭೆಯಲ್ಲಿ ನಂಬಿಕೆಯಿಂದ ಆಡಿದ ಮಾತನ್ನು ಮರುದಿನ ಗ್ರೂಪಿನಲ್ಲಿ ಹಾಕಿದರೆ ರಾಜಿ ಅಲ್ಲಿಗೆ ಮುಗಿಯುತ್ತದೆ.

ಈ ಐದನ್ನು ತಪ್ಪಿಸಿದ ದೂರು ಧರ್ಮದ ದೃಷ್ಟಿಯಿಂದ ಶುದ್ಧ. ಜೊತೆಗೆ ಅದು ಗಟ್ಟಿ ದೂರು. ಒಂದು ಸುಳ್ಳು ಸೇರಿದರೆ ಉಳಿದ ಒಂಬತ್ತು ಸತ್ಯಗಳನ್ನೂ ಯಾರೂ ನಂಬುವುದಿಲ್ಲ.

1368: ಬುಕ್ಕರಾಯನ ಮುಂದೆ ಇಟ್ಟ ದೂರು

ಮಾತಿನಿಂದ ನ್ಯಾಯ ಪಡೆದ ಪ್ರಸಂಗಕ್ಕೆ ಕನ್ನಡ ನಾಡಿನಲ್ಲಿ ಶ್ರವಣಬೆಳಗೊಳದ ಭಂಡಾರಿ ಬಸದಿಯ ಶಾಸನಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಇದರ ಕಾಲ ಶಕ 1290, ಅಂದರೆ ಕ್ರಿ.ಶ. 1368. ವಿಜಯನಗರದಲ್ಲಿ ಆಗ ಒಂದನೆಯ ಬುಕ್ಕರಾಯನ ಆಳ್ವಿಕೆ. ಇದೇ ನಿರ್ಣಯದ ಶಾಸನ ಮಾಗಡಿ ತಾಲೂಕಿನ ಕಲ್ಯದಲ್ಲೂ ಇದೆ. ಶಾಸನ ಹೇಳುವ ಕಲ್ಲೇಹ ಇದೇ ಊರು.

ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ನಾಡುಗಳ ಜೈನರು ಅರಸನ ಬಳಿಗೆ ಹೋದರು. ಭಕ್ತರು, ಅಂದರೆ ಶ್ರೀವೈಷ್ಣವರು, ತಮಗೆ ಮಾಡುತ್ತಿದ್ದ ಅನ್ಯಾಯಗಳನ್ನು ಬಿನ್ನವಿಸಿಕೊಂಡರು. ಅರಸ ಒಂದು ಕಡೆಯ ಮಾತು ಕೇಳಿ ತೀರ್ಪು ಕೊಡಲಿಲ್ಲ. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರೂ ಹದಿನೆಂಟು ನಾಡಿನ ಶ್ರೀವೈಷ್ಣವರೂ ಸೇರಿದ ಸಭೆಯಲ್ಲಿ ವಿಷಯ ಎತ್ತಿದ. ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲ ಎಂದು ಸಾರಿ, ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿ ಇಟ್ಟ.

ಕೈ ಹಿಡಿಸಿದ ಈ ದೃಶ್ಯ ಎಲ್ಲರಿಗೂ ನೆನಪಿದೆ. ಅದರ ನಂತರದ ವಿವರಗಳು ನಮಗೆ ಇನ್ನೂ ಉಪಯುಕ್ತ. ಮೊದಲಿನಂತೆ ಪಂಚಮಹಾವಾದ್ಯಗಳಿಗೂ ಕಳಶಕ್ಕೂ ಜೈನ ದರ್ಶನಕ್ಕೆ ಹಕ್ಕಿದೆ ಎಂದು ಅರಸ ವಿಧಿಸಿದ. ಭಕ್ತರ ದೆಸೆಯಿಂದ ಜೈನರಿಗೆ ಹಾನಿಯಾದರೆ ಅದನ್ನು ವೈಷ್ಣವರು ತಮ್ಮ ಹಾನಿಯೆಂದೇ ಎಣಿಸಬೇಕು, ವೃದ್ಧಿಯಾದರೆ ತಮ್ಮ ವೃದ್ಧಿಯೆಂದೇ ತಿಳಿಯಬೇಕು ಎಂದ. ರಾಜ್ಯದ ಬಸದಿಗಳಲ್ಲಿ ಈ ಶಾಸನವನ್ನು ಶ್ರೀವೈಷ್ಣವರೇ ನಿಲ್ಲಿಸಬೇಕು ಎಂದೂ ಆಯಿತು. ತಿರುಮಲೆಯ ತಾತಯ್ಯ ಎಂಬುವರು ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣ ಎತ್ತಿ, ಬೆಳಗೊಳದ ದೇವರ ರಕ್ಷಣೆಗೆ ಇಪ್ಪತ್ತು ಆಳುಗಳನ್ನು ಇಡಬೇಕು, ಉಳಿದ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಿ ದುರಸ್ತಿ ಮಾಡಿಸಬೇಕು ಎಂದು ಗೊತ್ತುಪಡಿಸಲಾಯಿತು. ಇದನ್ನು ಮುರಿದವರು ರಾಜದ್ರೋಹಿಗಳು, ಸಂಘ ಮತ್ತು ಸಮುದಾಯಕ್ಕೆ ದ್ರೋಹಿಗಳು. ಕಲ್ಲೇಹದ ಬುಸುವಿ ಸೆಟ್ಟಿ ಅರಸನಿಗೆ ಬಿನ್ನಹ ಮಾಡಿ, ತಾತಯ್ಯನವರನ್ನು ಬರಮಾಡಿಕೊಂಡು ಜೀರ್ಣೋದ್ಧಾರ ಮಾಡಿಸಿದಾಗ ಎರಡೂ ಸಂಘಗಳು ಸೇರಿ ಅವರಿಗೆ ಸಂಘನಾಯಕ ಪಟ್ಟ ಕಟ್ಟಿದವು.

ಈ ದೂರು ಫಲ ಕೊಟ್ಟದ್ದು ಹೇಗೆ? ಹಲವು ನಾಡಿನವರು ಒಟ್ಟಾಗಿ ಹೋದರು, ಒಬ್ಬೊಬ್ಬರೇ ಅಲೆಯಲಿಲ್ಲ. ತೀರ್ಮಾನಿಸುವ ಅಧಿಕಾರ ಯಾರಿಗಿದೆಯೋ ಅವರ ಬಳಿಗೇ ಹೋದರು. ಎದುರು ಪಕ್ಷದ ಹಿರಿಯರು ಸಭೆಯಲ್ಲಿದ್ದರು, ಆದ್ದರಿಂದ ನಿರ್ಣಯ ಅವರದೂ ಆಯಿತು. ಬಲವಿದ್ದವರಿಗೇ ರಕ್ಷಣೆಯ ಹೊಣೆ ಬಂತು. ಕಾವಲಿಗೆ ಆಳು, ಆಳಿಗೆ ಹಣ, ಹಣಕ್ಕೆ ಜವಾಬ್ದಾರರು ಎಲ್ಲವೂ ಗೊತ್ತಾಯಿತು. ಕೊನೆಗೆ ಅದು ಬರಹಕ್ಕೆ ಇಳಿಯಿತು, ಅದೂ ಕಲ್ಲಿನ ಮೇಲೆ. ಬಾಯಿಮಾತಿನ ರಾಜಿ ಒಂದು ತಲೆಮಾರಿಗೆ ಮರೆತುಹೋಗುತ್ತದೆ. ಈ ರಾಜಿಯನ್ನು ಆರೂವರೆ ಶತಮಾನದ ನಂತರವೂ ಓದಬಹುದು.

ಆಮೇಲೆ ಜೈನರಿಗೆ ಕಷ್ಟವೇ ಬರಲಿಲ್ಲ ಎಂದು ಹೇಳಲಾಗದು. ಮುಂದಿನ ಶತಮಾನಗಳಲ್ಲಿ ಅನೇಕ ಕಡೆ ಬಸದಿಗಳು ಹಾಳಾದವು. ಶಾಸನ ಎಲ್ಲ ನೋವಿಗೂ ಮದ್ದಾಗಲಿಲ್ಲ. ಆದರೆ ಸಂಖ್ಯೆಯಲ್ಲಿ ಸಣ್ಣದಾದ ಸಮಾಜ ಕತ್ತಿ ಎತ್ತಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ಈ ದಾರಿಯ ಬೆಲೆ ತಿಳಿಯುತ್ತದೆ.

1638: ಹಳೇಬೀಡಿನ ಕಂಬ

ಎರಡನೆಯ ಪ್ರಸಂಗ ಹಳೇಬೀಡಿನ ವಿಜಯ ಪಾರ್ಶ್ವನಾಥ ಬಸದಿಯದು. 1638ರ ಶಾಸನದಂತೆ, ಹುಚ್ಚಪ್ಪದೇವ ಎಂಬ ವೀರಶೈವರೊಬ್ಬರು ಬಸದಿಯ ಕಂಬದ ಮೇಲೆ ಲಿಂಗಮುದ್ರೆ ಒತ್ತಿದರು. ವಿಜಯಪ್ಪ ಎಂಬುವರು ಅದನ್ನು ಅಳಿಸಿದರು. ಇಂಥ ಸಣ್ಣ ಕಿಡಿಯಿಂದ ಊರಿಗೆ ಊರೇ ಹೊತ್ತಿಕೊಳ್ಳಬಹುದಿತ್ತು. ಬೇಲೂರಿನಲ್ಲಿ ನಾಯಕರ ಆಳ್ವಿಕೆಯಿದ್ದ ಕಾಲವದು. ಜೈನ ಸೆಟ್ಟರು ಬಿನ್ನವಿಸಿದರು, ವೀರಶೈವ ಹಿರಿಯರ ಮಹಾಮಹತ್ತು ಸಭೆ ಸೇರಿತು.

ಬಂದ ನಿರ್ಣಯ ಹೀಗಿತ್ತು. ಮೊದಲು ವಿಭೂತಿ ವೀಳ್ಯ ಸಲ್ಲಿಸಿ, ಆಮೇಲೆ ಜೈನರು ತಮ್ಮ ಪೂರ್ವ ಮರ್ಯಾದೆಯಂತೆ ಪೂಜೆ ಮೊದಲಾದ ವಿಧಿಗಳನ್ನು ಸೂರ್ಯ ಚಂದ್ರರು ಇರುವವರೆಗೂ ನಡೆಸಿಕೊಂಡು ಹೋಗಬಹುದು. ಇದಕ್ಕೆ ಅಡ್ಡಿ ಮಾಡಿದವರು ಮಹಾಮಹತ್ತಿಗೆ ಹೊರಗಾದವರು, ಶಿವದ್ರೋಹಿಗಳು ಎಂದು ವೀರಶೈವ ಹಿರಿಯರೇ ತಮ್ಮವರಿಗೆ ಕಟ್ಟು ಹಾಕಿದರು.

ಇಲ್ಲಿ ಜೈನರು ಒಂದು ಮೆಟ್ಟಿಲು ಇಳಿದರು. ತಮ್ಮದೇ ಬಸದಿಯಲ್ಲಿ ಮೊದಲು ಇನ್ನೊಬ್ಬರ ಮರ್ಯಾದೆ ಸಲ್ಲಿಸುವುದು ಸುಲಭದ ಒಪ್ಪಿಗೆ ಆಗಿರಲಾರದು. ಆದರೆ ಬಸದಿ ಉಳಿಯಿತು, ಪೂಜೆ ಉಳಿಯಿತು, ನೆರೆಯವರೊಡನೆ ಬಾಳುವೆ ಉಳಿಯಿತು. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಲೇಬಾರದು ಎಂದು ಮೊದಲೇ ತಿಳಿದುಕೊಂಡವರಿಗೆ ಮಾತ್ರ ಇಂಥ ರಾಜಿ ಸಾಧ್ಯ. ಲಿಂಗಾಯತರೊಡನೆ ಒಂದೇ ಬಾವಿ, ಒಂದೇ ಕಣ, ಒಂದೇ ಜಾತ್ರೆ ಹಂಚಿಕೊಂಡು ಬಂದ ತೊರಗಲ್ ಸೀಮೆಯ ನಮಗೆ ಈ ಶಾಸನ ವಿಶೇಷವಾಗಿ ಅರ್ಥವಾಗಬೇಕು. ಅನ್ಯಾಯ ಮಾಡಿದವನು ಒಬ್ಬ. ನ್ಯಾಯ ಕೊಟ್ಟವರೂ ಅವನ ಸಮುದಾಯದ ಹಿರಿಯರೇ.

ನಮ್ಮ ಸೀಮೆಯ ಎರಡು ನೆನಪು

ತೊರಗಲ್ ಸೀಮೆ ಎಂದ ಕೂಡಲೇ ಕಿತ್ತೂರಿನ ಕತ್ತಿ ನೆನಪಾಗುತ್ತದೆ. ಆದರೆ ಕಿತ್ತೂರಿನ ಕತೆ ಕತ್ತಿಯಿಂದ ಆರಂಭವಾದದ್ದಲ್ಲ. ದತ್ತುಪುತ್ರನನ್ನು ಕಂಪನಿ ಸರಕಾರ ಒಪ್ಪದಿದ್ದಾಗ ರಾಣಿ ಚೆನ್ನಮ್ಮನವರು ಮೊದಲು ಮಾಡಿದ್ದು ಪತ್ರ ವ್ಯವಹಾರ. ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್ ತನಕ ಅಹವಾಲು ಹೋಯಿತು. ಕಂಪನಿ ಕಿವಿಗೊಡದೆ ಸೈನ್ಯ ತಂದಿತು. 1824ರ ಅಕ್ಟೋಬರ್ 23ರ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ರಾಣಿಯವರು 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡರು. ರಾಜ್ಯದ ರಕ್ಷಣೆಯ ಹೊಣೆ ಹೊತ್ತವರ ಆ ಶೌರ್ಯವನ್ನು ಇಂದು ಕುಳಿತು ತೂಗುವ ಅಗತ್ಯ ನಮಗಿಲ್ಲ. ಅವರೂ ಮೊದಲು ಮಾತನ್ನೇ ಆರಿಸಿಕೊಂಡಿದ್ದರು ಎಂಬುದನ್ನು ಮಕ್ಕಳಿಗೆ ಹೇಳಬೇಕು.

ಎರಡನೆಯದು ರಾಮದುರ್ಗದ ನೆನಪು. ಸ್ವಾತಂತ್ರ್ಯಪೂರ್ವದಲ್ಲಿ ಅದೊಂದು ಪುಟ್ಟ ಸಂಸ್ಥಾನ. ತೆರಿಗೆ ಮತ್ತು ಆಡಳಿತದ ಕುಂದುಕೊರತೆಗಳ ಬಗ್ಗೆ ಅಲ್ಲಿನ ಪ್ರಜಾಸಂಘ ಸಭೆ, ಬೇಡಿಕೆಗಳ ಮೂಲಕ ಹೋರಾಡುತ್ತಿತ್ತು. ಜನರ ಬೇಡಿಕೆ ನ್ಯಾಯವಾದದ್ದೇ. ಆದರೆ 1939ರ ಏಪ್ರಿಲ್‌ನಲ್ಲಿ ಮುಖಂಡರ ಬಂಧನದ ನಂತರ ಜನಸಮೂಹ ಕೆರಳಿ ಸೆರೆಮನೆಗೆ ನುಗ್ಗಿತು, ಪೊಲೀಸರು ಸತ್ತರು. ಮುಂದೆ ಮೊಕದ್ದಮೆ, ಕಠಿಣ ಶಿಕ್ಷೆಗಳು ಬಂದವು, ಎಷ್ಟೋ ಮನೆಗಳು ದಿಕ್ಕೆಟ್ಟವು. ಪ್ರಜೆಗಳ ಪರವಾಗಿದ್ದ ಗಾಂಧೀಜಿಯವರೂ ಆ ಹಿಂಸೆಯನ್ನು ಖಂಡಿಸಿದರು. ಅಲ್ಲಿಯವರೆಗೆ ಚರ್ಚೆ ಸಂಸ್ಥಾನದ ತಪ್ಪಿನ ಬಗ್ಗೆ ಇತ್ತು. ಆ ದಿನದಿಂದ ಅದು ಜನರ ತಪ್ಪಿನ ಕಡೆಗೆ ತಿರುಗಿತು. ಹಿಂಸೆ ನ್ಯಾಯವಾದ ದೂರನ್ನೂ ಹೀಗೆ ನುಂಗಿಹಾಕುತ್ತದೆ.

ನಮ್ಮ ಕಾಲದಲ್ಲಿ ನಡೆದದ್ದು

ಇದೆಲ್ಲ ಹಳೆಯ ಕಾಲದ ಮಾತು ಎನ್ನುವವರಿಗೆ ಕಳೆದ ಕೆಲವು ವರ್ಷಗಳ ಘಟನೆಗಳನ್ನು ನೆನಪಿಸಬಹುದು.

2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್ ಸಂಥಾರಾ, ಅಂದರೆ ಸಲ್ಲೇಖನ ವ್ರತವನ್ನು ಆತ್ಮಹತ್ಯೆಗೆ ಸಮಾನವೆಂದು ಪರಿಗಣಿಸಿ ತೀರ್ಪು ಕೊಟ್ಟಿತು. ನಮ್ಮ ಪರಂಪರೆಯ ಹೃದಯಕ್ಕೇ ತಗಲಿದ ಪೆಟ್ಟು ಅದು. ಆಗಸ್ಟ್ 24ರಂದು ದೇಶದ ಊರೂರುಗಳಲ್ಲಿ ಜೈನರು ಅಂಗಡಿ ಮುಚ್ಚಿ ಮೌನ ಮೆರವಣಿಗೆ ನಡೆಸಿದರು. ಇನ್ನೊಂದು ಕಡೆ ವಕೀಲರು ಸುಪ್ರೀಂ ಕೋರ್ಟಿಗೆ ಹೋದರು. ಆಗಸ್ಟ್ 31ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಮೂರು ವಾರದಲ್ಲಿ, ಒಂದು ಕಲ್ಲನ್ನೂ ಎಸೆಯದೆ.

2016ರಲ್ಲಿ ಮುನಿಶ್ರೀ ತರುಣಸಾಗರ ಮಹಾರಾಜರು ಹರಿಯಾಣ ವಿಧಾನಸಭೆಯಲ್ಲಿ ಪ್ರವಚನ ಮಾಡಿದಾಗ ಸಂಗೀತ ನಿರ್ದೇಶಕ ವಿಶಾಲ್ ದದ್ಲಾನಿ ಅವರ ದಿಗಂಬರತ್ವವನ್ನು ಟ್ವಿಟರಿನಲ್ಲಿ ಹೀಯಾಳಿಸಿದರು. ಸಮಾಜದಲ್ಲಿ ಸಿಟ್ಟು ಎದ್ದಿತು. ಕಟು ನುಡಿಗಳಿಗೇ ಹೆಸರಾಗಿದ್ದ ಮುನಿಗಳು ಮಾತ್ರ ತಮಗೆ ಬೇಸರವಿಲ್ಲ, ಅವರಿಗೆ ಜೈನ ಮುನಿಚರ್ಯೆಯ ಪರಿಚಯವಿಲ್ಲದಿರಬಹುದು ಎಂಬ ಧಾಟಿಯಲ್ಲಿ ಕ್ಷಮೆಯ ಮಾತಾಡಿದರು. ಕೆಲವೇ ದಿನಗಳಲ್ಲಿ ದದ್ಲಾನಿ ಚಂಡೀಗಢಕ್ಕೆ ಬಂದು ಮುನಿಗಳ ಮುಂದೆ ಕೈಮುಗಿದು ಕ್ಷಮೆ ಕೇಳಿದರು.

ಸಮ್ಮೇದ ಶಿಖರಜಿಯ ವಿಷಯ ಎಲ್ಲರಿಗೂ ಗೊತ್ತು. ಇಪ್ಪತ್ತು ತೀರ್ಥಂಕರರ ಮೋಕ್ಷಭೂಮಿಯಾದ ಜಾರ್ಖಂಡಿನ ಆ ಬೆಟ್ಟದಲ್ಲಿ ಪ್ರವಾಸೋದ್ಯಮಕ್ಕೆ ಅವಕಾಶ ಮಾಡುವ 2019ರ ಅಧಿಸೂಚನೆಯ ವಿರುದ್ಧ 2022ರ ಕೊನೆಯಲ್ಲಿ ದೇಶದೆಲ್ಲೆಡೆ ಮೌನ ಮೆರವಣಿಗೆ, ಮನವಿ, ಉಪವಾಸಗಳು ನಡೆದವು. 2023ರ ಜನವರಿ 5ರಂದು ಕೇಂದ್ರ ಸರಕಾರ ಅಲ್ಲಿನ ಪ್ರವಾಸೋದ್ಯಮ ಚಟುವಟಿಕೆಗಳಿಗೆ ತಡೆ ನೀಡಿತು.

ಅದೇ ವರ್ಷದ ಜುಲೈನಲ್ಲಿ ನಮ್ಮ ಜಿಲ್ಲೆಗೇ ಆಘಾತ ಬಂದೆರಗಿತು. ಚಿಕ್ಕೋಡಿ ತಾಲೂಕಿನ ಹಿರೇಕೋಡಿ ನಂದಿಪರ್ವತದ ಆಚಾರ್ಯಶ್ರೀ ಕಾಮಕುಮಾರನಂದಿ ಮಹಾರಾಜರ ಹತ್ಯೆಯಾಯಿತು. ಹುಲ್ಲುಕಡ್ಡಿಗೂ ನೋವು ಮಾಡದ ಮುನಿಗಳ ದೇಹಕ್ಕೆ ಬಂದ ಗತಿ ಕೇಳಿ ಅನ್ನ ಬಿಟ್ಟ ಮನೆಗಳಿವೆ. ಸೇಡಿನ ಮಾತಿಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿರಲಿಲ್ಲ. ಆದರೆ ಬೀದಿಗೆ ಬಂದದ್ದು ಮೌನ ಮೆರವಣಿಗೆ. ತಹಶೀಲ್ದಾರ್, ಜಿಲ್ಲಾಧಿಕಾರಿ ಕಚೇರಿಗಳಿಗೆ ಹೋದದ್ದು ಮನವಿಪತ್ರ. ವರೂರಿನ ಆಚಾರ್ಯಶ್ರೀ ಗುಣಧರನಂದಿ ಮಹಾರಾಜರು ಮುನಿಗಳಿಗೆ ರಕ್ಷಣೆ ಕೊಡಬೇಕೆಂದು ಆಹಾರ ತ್ಯಜಿಸಿ ಕುಳಿತರು. ಗೃಹಸಚಿವರು ವರೂರಿಗೇ ಬಂದು ಭರವಸೆ ಕೊಟ್ಟರು. ಆರೋಪಿಗಳ ವಿಚಾರಣೆ ಕಾನೂನಿನ ಕೈಗೆ ಹೋಯಿತು. ಯಾರ ಮನೆಗೂ ಬೆಂಕಿ ಬೀಳಲಿಲ್ಲ, ಯಾವ ಸಮುದಾಯದ ಮೇಲೂ ಆರೋಪ ಹೊರಿಸಲಿಲ್ಲ. ಅಷ್ಟು ದೊಡ್ಡ ದುಃಖದಲ್ಲಿ ಸಮಾಜ ತೋರಿದ ಆ ಸಂಯಮವನ್ನು ನಮ್ಮ ಮಕ್ಕಳಿಗೆ ಹೆಮ್ಮೆಯಿಂದ ಹೇಳಬಹುದು.

ಊರಲ್ಲಿ ತೊಂದರೆ ಬಂದಾಗ ಹೆಜ್ಜೆ ಹೆಜ್ಜೆಯಾಗಿ

ಮೊದಲು ನಡೆದದ್ದನ್ನು ಬರೆದಿಡಿ. ದಿನ, ಸಮಯ, ಜಾಗ, ಕಣ್ಣಾರೆ ಕಂಡವರು. ಫೋಟೋ ಇದ್ದರೆ ಮೂಲ ಫೈಲು ಅಳಿಸದೆ ಇಡಿ. ಕೇಳಿದ್ದು ಬೇರೆ, ಕಂಡದ್ದು ಬೇರೆ ಎಂದು ಗುರುತಿಸಿ ಬರೆಯಿರಿ. ಸ್ಯಾದ್ವಾದ ಕಲಿಸುವ ಎಚ್ಚರ ಇದೇ: ಯಾವ ದೃಷ್ಟಿಯಿಂದ, ಎಷ್ಟರಮಟ್ಟಿಗೆ ನಮಗೆ ತಿಳಿದಿದೆ ಎಂಬುದನ್ನು ಬಿಟ್ಟು ಮಾತನಾಡಬಾರದು.

ಎರಡನೆಯದಾಗಿ ಎದುರಿನವರ ಹಿರಿಯರೊಡನೆ ಕುಳಿತು ಮಾತನಾಡಿ. ಅನೇಕ ಜಗಳಗಳು ಇಲ್ಲಿಯೇ ಮುಗಿಯುತ್ತವೆ. ಬಸದಿಯ ಪಂಚರು ಇಬ್ಬರು ಮೂವರು ಹೋಗಲಿ, ಗುಂಪು ಬೇಡ. ಒಪ್ಪಂದವಾದರೆ ಎರಡೂ ಕಡೆಯ ಸಹಿ ಹಾಕಿಸಿ, ಒಂದೊಂದು ಪ್ರತಿ ಇಟ್ಟುಕೊಳ್ಳಿ.

ಜಮೀನಿನ ವಿಷಯವಾದರೆ ಪಹಣಿ, ಮೋಜಣಿ ನಕ್ಷೆ, ಹಳೆಯ ಇನಾಮು ಕಾಗದಗಳನ್ನು ಮೊದಲು ಕೂಡಿಸಿ. ಕಾಗದ ಇಲ್ಲದ ಕೂಗಾಟಕ್ಕೆ ಬೆಲೆ ಇಲ್ಲ. ಅಳತೆಗೆ ಅರ್ಜಿ ಕೊಡಿ, ತಹಶೀಲ್ದಾರರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬೈಲಹೊಂಗಲದಲ್ಲಿ ಉಪವಿಭಾಗಾಧಿಕಾರಿ ಕಚೇರಿಯೂ ಇದೆ. ಕಡತ ಎಲ್ಲಿ ನಿಂತಿದೆ ಎಂದು ತಿಳಿಯಲು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಬಹುದು. ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡಬೇಕು.

ಬಸದಿಗೆ ಹಾನಿ, ಧರ್ಮನಿಂದೆ, ಬೆದರಿಕೆಯಾದರೆ ಪೊಲೀಸ್ ದೂರು ಕೊಡಲು ಹಿಂಜರಿಯಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 298ನೇ ಕಲಮು ಪೂಜಾಸ್ಥಳಕ್ಕೆ ಮಾಡುವ ಹಾನಿ, ಅಪವಿತ್ರತೆಯ ಬಗ್ಗೆ ಇದೆ. 299ನೇ ಕಲಮು ಬೇಕೆಂದೇ ಧಾರ್ಮಿಕ ಭಾವನೆ ಕೆರಳಿಸುವ ಕೃತ್ಯದ ಬಗ್ಗೆ ಇದೆ. ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಪಡೆಯುವುದು ದೂರುದಾರರ ಹಕ್ಕು. ಠಾಣೆಯಲ್ಲಿ ದೂರು ದಾಖಲಿಸದಿದ್ದರೆ ಪೊಲೀಸ್ ಅಧೀಕ್ಷಕರಿಗೆ ಅಂಚೆ ಮೂಲಕ ಲಿಖಿತವಾಗಿ ಕಳಿಸಬಹುದು, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿಗೆ ಹೋಗಬಹುದು.

2014ರ ಜನವರಿಯಲ್ಲಿ ಜೈನರನ್ನು ರಾಷ್ಟ್ರೀಯ ಮಟ್ಟದಲ್ಲಿ ಅಲ್ಪಸಂಖ್ಯಾತರೆಂದು ಕೇಂದ್ರ ಸರಕಾರ ಅಧಿಸೂಚಿಸಿದೆ. ಆದ್ದರಿಂದ ರಾಷ್ಟ್ರೀಯ ಮತ್ತು ರಾಜ್ಯ ಅಲ್ಪಸಂಖ್ಯಾತರ ಆಯೋಗಗಳಿಗೂ ನಮ್ಮ ಅಹವಾಲು ಸಲ್ಲುತ್ತದೆ. 1899ರಲ್ಲಿ ಸ್ತವನಿಧಿಯಲ್ಲಿ ಹುಟ್ಟಿದ ದಕ್ಷಿಣ ಭಾರತ ಜೈನ ಸಭೆಯಂಥ ಸಂಸ್ಥೆಗಳ ಮೂಲಕ ಹೋದರೆ ಒಂದು ಊರಿನ ದನಿಗೆ ಹತ್ತು ಊರಿನ ಬಲ ಬರುತ್ತದೆ. 1368ರಲ್ಲಿ ಹಲವು ನಾಡಿನವರು ಸೇರಿ ಹೋದದ್ದೂ ಇದಕ್ಕೇ.

ಮೆರವಣಿಗೆ ಬೇಕೆನಿಸಿದರೆ ಅನುಮತಿ ಪಡೆದು, ಮೌನವಾಗಿ, ಹೆಣ್ಣುಮಕ್ಕಳು ಹಿರಿಯರನ್ನು ಮುಂದಿಟ್ಟುಕೊಂಡು ನಡೆಸಿ. ಘೋಷಣೆಯಿಲ್ಲದ ಮೆರವಣಿಗೆಯಲ್ಲಿ ಹೊರಗಿನವರು ಬಂದು ಗಲಾಟೆ ಎಬ್ಬಿಸುವುದು ಕಷ್ಟ. ಆ ದಿನ ಸಂಜೆ ಗ್ರೂಪುಗಳಲ್ಲಿ ಏನು ಹಂಚಬೇಕು, ಏನು ಹಂಚಬಾರದು ಎಂದು ಒಬ್ಬರು ಜವಾಬ್ದಾರಿ ಹೊತ್ತಿರಲಿ.

ಮಾತು ಸಾಲದಾದಾಗ

ಮಾತು ಎಲ್ಲ ಸಮಯದಲ್ಲೂ ಕೆಲಸ ಮಾಡುತ್ತದೆಯೇ? ಇಲ್ಲ. ಎದುರಿಗೆ ಬಡಿಗೆ ಹಿಡಿದು ನಿಂತವನಿಗೆ ಶಾಸನ ಓದಿ ಹೇಳಲಾಗದು. ಜೀವಕ್ಕೆ ಅಪಾಯವಿದ್ದಾಗ ಮೊದಲು ಅಲ್ಲಿಂದ ಸರಿಯಿರಿ, ಮಕ್ಕಳು ಮುದುಕರನ್ನು ಸರಿಸಿ, 112ಕ್ಕೆ ಕರೆ ಮಾಡಿ. ಜೀವ ಉಳಿಸಿಕೊಳ್ಳಲು ತಡೆಯುವುದು ಗೃಹಸ್ಥನಿಗೆ ನಿಷಿದ್ಧವಲ್ಲ, ಕಾನೂನಿನಲ್ಲೂ ಆತ್ಮರಕ್ಷಣೆಗೆ ಜಾಗವಿದೆ. ಅಪಾಯ ಕಳೆದ ಮೇಲೆ ಬೆನ್ನಟ್ಟಿ ಹೋಗುವುದು ಮಾತ್ರ ರಕ್ಷಣೆಯಲ್ಲ.

ಇನ್ನೊಂದು ಮಾತು. "ಸಮಾಜದ ಮರ್ಯಾದೆ" ಎಂದು ಹೇಳಿ ಮನೆಯೊಳಗಿನ, ಸಂಸ್ಥೆಯೊಳಗಿನ ದಬ್ಬಾಳಿಕೆಯನ್ನು ಮುಚ್ಚಿಡುವ ಅಭ್ಯಾಸ ನಮ್ಮಲ್ಲೂ ಇದೆ. ಸೊಸೆಗೆ ಹೊಡೆತ, ಆಳಿಗೆ ಕೂಲಿ ಕೊಡದಿರುವುದು, ಬಡ ಶ್ರಾವಕನನ್ನು ಸಭೆಯಲ್ಲಿ ಹಗುರವಾಗಿ ಕಾಣುವುದು ಇವೂ ಅನ್ಯಾಯಗಳೇ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಹೊಡೆಯುವುದು, ಮಿತಿಮೀರಿ ಭಾರ ಹೊರಿಸುವುದು, ಅನ್ನ ನೀರು ತಡೆಯುವುದು ಎಲ್ಲವೂ ಬರುತ್ತವೆ. ಹೊರಗಿನವರ ಮುಂದೆ ನ್ಯಾಯ ಕೇಳುವ ಬಾಯಿಗೆ ಒಳಗಿನವರ ನೋವು ಕೇಳುವ ಕಿವಿಯೂ ಇರಬೇಕು.

ಭರತ ಬಾಹುಬಲಿಯರ ಕತೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ಎರಡು ಸೈನ್ಯಗಳು ಎದುರಾದಾಗ ಮಂತ್ರಿಗಳು ನಡುವೆ ಬಂದು ಮಾತಾಡಿದ್ದರಿಂದ ಸಾವಿರಾರು ಸೈನಿಕರ ಜೀವ ಉಳಿಯಿತು. ಕತೆ ಹೇಳುವಾಗ ಮೂರು ಯುದ್ಧಗಳನ್ನೂ ಬಾಹುಬಲಿಯ ವೈರಾಗ್ಯವನ್ನೂ ವರ್ಣಿಸುತ್ತೇವೆ, ಮಂತ್ರಿಗಳನ್ನು ಮರೆಯುತ್ತೇವೆ. ಊರಲ್ಲಿ ಜಗಳ ಎದ್ದಾಗ ಬೇಕಾಗುವವರು ಅಂಥವರೇ. ನಿಮ್ಮ ಊರಿನ ಬಸದಿಯ ಮುಂದಿನ ಸಭೆಯಲ್ಲಿ ಮೂರು ಕೆಲಸ ಮಾಡಿ: ಬಸದಿಯ ಕಾಗದಪತ್ರಗಳ ಪ್ರತಿ ಮಾಡಿಸಿ ಎರಡು ಕಡೆ ಇಡಿ, ನೆರೆಯ ಸಮಾಜದ ಹಿರಿಯರೊಡನೆ ಮಾತನಾಡಬಲ್ಲ ಮೂವರನ್ನು ಹೆಸರಿಸಿ, ಭಂಡಾರಿ ಬಸದಿಯ ಶಾಸನದ ಕತೆಯನ್ನು ಪಾಠಶಾಲೆಯ ಮಕ್ಕಳಿಗೆ ಹೇಳಿಕೊಡಿ. ತೊಂದರೆ ಬಂದ ದಿನ ಇವನ್ನು ಹುಡುಕಲು ಹೊತ್ತು ಇರುವುದಿಲ್ಲ.